ನಮ್ಮ ಯಜಮಾನರ ಲಿಫ್ಟ್ ಚಳವಳಿ

ನಮ್ಮ ಯಜಮಾನರು ಹಿರಿಯಣ್ಣನವರು ಬ್ಯಾಂಕಿನಿಂದ ರಿಟೈರ್ ಆದದ್ದು ಮನೆಯಲ್ಲಿ ಕೂರಲಿಕ್ಕೆ ಎಂದು ನಾನು ತಿಳಿದಿದ್ದೆ. ನನ್ನ ಭ್ರಮೆ! ಸಮಾಜ ಬದಲಾಯಿಸಲಿಕ್ಕಂತೆ. ಮೈಸೂರಿನ ಕಾಲೇಜಿನಲ್ಲಿದ್ದಾಗ ಯಾವುದೋ ಮೆರವಣಿಗೆಯಲ್ಲಿ ಬ್ಯಾನರಿನ ಒಂದು ತುದಿ ಹಿಡಿದಿದ್ದರು. ಇನ್ನೊಂದು ತುದಿ ಹಿಡಿದವನು ಈಗ ಎಲ್ಲಿದ್ದಾನೋ, ಇವರು ಮಾತ್ರ ಇನ್ನೂ ಕೈ ಬಿಟ್ಟಿಲ್ಲ.

ಮುಂಬಯಿಯ ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಲ್ಲಿ ಎರಡು ಲಿಫ್ಟು. ದೊಡ್ಡದು ನಮಗೆ, ಸಣ್ಣದು ಕೆಲಸದವರಿಗೆ. ಸಣ್ಣದು ಕೆಟ್ಟು ಎಷ್ಟೋ ಕಾಲವಾಯಿತು, ರಿಪೇರಿ ಮಾಡಿಸುವವರಿಲ್ಲ. ದೊಡ್ಡದರಲ್ಲಿ ಕೆಲಸದವರು ಹತ್ತಬೇಕಾದರೆ ಜೊತೆಗೆ ಮನೆಯವರ ಮಗುವೋ ಪೇಶಂಟೋ ನಾಯಿಯೋ ಇರಬೇಕು. ಹೌದು ಸ್ವಾಮಿ, ನಾಯಿ! ನಮ್ಮ ಅಡುಗೆಯ ಮಹಾದೇವಿ ಮಾತ್ರ ಮೊಣಕಾಲು ಹಿಡಿದುಕೊಂಡು ಏಳು ಮಹಡಿ ಹತ್ತಬೇಕು. ಒಂದು ದಿನ ಅವಳು ಅಡುಗೆಮನೆಯಲ್ಲಿ ಕುಸಿದು ಕುಳಿತಳು.

"ಅಕ್ಕಾರ, ಈ ತಿಂಗಳಾ ಕಡೀರಿ. ಮ್ಯಾಲಿನ ಮನಿ ಎಲ್ಲಾ ಬಿಟ್ಟಬಿಡ್ತೀನಿ. ಕಾಲು ಕೇಳಾಂಗಿಲ್ಲ."

ಆ ಮನೆಗಳು ಹೋದರೆ ಅವಳ ಮಗಳ ನರ್ಸಿಂಗ್ ಓದೂ ನಿಂತಂತೆ. ನನಗೆ ಸಂಕಟವಾಯಿತು. ಯಜಮಾನರಿಗೆ ಉತ್ಸಾಹ ಬಂತು.

"ಸುಮಿತ್ರಾ, ಅವಸರ ಪಡಬಾರದು ಕಣೇ. ಮೊದಲು ಸ್ಟ್ರಾಟಜಿ!"

ಸ್ಟ್ರಾಟಜಿ ಮೀಟಿಂಗು ನಮ್ಮ ಮನೆಯ ಹಾಲ್‌ನಲ್ಲೇ. ಬಾಂದ್ರಾದಿಂದ ಒಬ್ಬ ಮಾರ್ಗದರ್ಶಕರು, ಪರೇಲಿನಿಂದ ಒಬ್ಬ ಹಳೆಯ ಯೂನಿಯನ್ ಲೀಡರು, ಬಿಲ್ಡಿಂಗಿನ ನಾಲ್ಕಾರು ಬೆಂಬಲಿಗರು. "ಕೆಲಸದವರು" ಎನ್ನಬೇಕೋ "ಶ್ರಮಜೀವಿಗಳು" ಎನ್ನಬೇಕೋ ಎಂಬ ಚರ್ಚೆ ಉಪ್ಪಿಟ್ಟು ಖಾಲಿಯಾದರೂ ಮುಗಿಯಲಿಲ್ಲ. ಉಪ್ಪಿಟ್ಟು ಮಾಡಿದವಳು ಮಹಾದೇವಿ. ಕಾಫಿಗೆ ಹಾಲು ಸಾಲದೆ ಕೆಳಗಿಳಿದು ತಂದವಳೂ ಅವಳೇ.

"ರೀ, ನಿಮ್ಮ ಚಳವಳಿಯಿಂದ ಅವಳಿಗೆ ಇನ್ನೂ ಏಳು ಮಹಡಿ ಜಾಸ್ತಿಯಾಯಿತು!" ಎಂದು ಎಲ್ಲರೆದುರೇ ರೇಗಿದೆ.

ಕೊನೆಗೆ ಲಿಫ್ಟ್ ಬಹಿಷ್ಕಾರವೆಂದು ತೀರ್ಮಾನವಾಯಿತು. ಸೋಮವಾರದಿಂದ ಬೆಂಬಲಿಗರೆಲ್ಲ ಮೆಟ್ಟಿಲು ಹತ್ತಬೇಕು. ಸೋಮವಾರ ಬೆಳಿಗ್ಗೆ ಒಬ್ಬರಿಗೆ ಬಿ.ಪಿ., ಇನ್ನೊಬ್ಬರಿಗೆ ಪುಣೆಯಲ್ಲಿ ಮದುವೆ. ಮೊದಲನೇ ಮಹಡಿಯವರು ಮಾತ್ರ ಶಿಸ್ತಾಗಿ ಪಾಲಿಸಿದರು. ನಮ್ಮವರು ಜುಬ್ಬಾ ತೊಟ್ಟು, ಕೆಳಗಿನಿಂದ ಘೋಷಣೆ ಕೂಗುತ್ತ ಒಬ್ಬರೇ ಹೊರಟರು. ಮೂರನೇ ಮಹಡಿಯಲ್ಲಿ ಘೋಷಣೆ ನಿಂತಿತು. ನಾಲ್ಕನೆಯದರಲ್ಲಿ ಅವರೇ ನಿಂತರು. ಹಿಂದೆ ಬರುತ್ತಿದ್ದ ಮಹಾದೇವಿ ಅವರ ರಟ್ಟೆ ಹಿಡಿದು ಲಿಫ್ಟಿನೊಳಗೆ ನೂಕಿ ತಾನೂ ಹತ್ತಿದಳು.

"ಏ, ನೀ ಹತ್ತಬ್ಯಾಡ! ರೂಲ್ ಐತಿ!" ಎಂದ ಲಿಫ್ಟ್‌ಮನ್ ಶಿವಪುತ್ರ.

"ಕಣ್ಣ ಕಾಣಸಂಗಿಲ್ಲೇನು? ಪೇಶಂಟ್ ಅದಾರ!"

ಶಿವಪುತ್ರ ಇವರ ಮುಖ ನೋಡಿ, ತೆಪ್ಪಗೆ ಗುಂಡಿ ಒತ್ತಿದನಂತೆ. ಇಬ್ಬರೂ ಲಿಫ್ಟಿನಿಂದ ಇಳಿದದ್ದನ್ನು ಕಂಡು ನನಗೆ ತಟ್ಟನೆ ಹೊಳೆಯಿತು.

"ರೀ, ನಾಳೆಯಿಂದ ನೀವು ಪೇಶಂಟು."

"ನಾನು ಮುಂದಾಳು ಕಣೇ!"

"ಮುಂದಾಳಾದರೆ ಮೆಟ್ಟಿಲು ಹತ್ತಿ."

ಮಾರನೆಯ ದಿನದಿಂದ ಅವಳು ಬರುವ ಹೊತ್ತಿಗೆ ಇವರು ಮಫ್ಲರ್ ಸುತ್ತಿಕೊಂಡು ಗೇಟಿನಲ್ಲಿ ಹಾಜರು. ಅದೂ ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ! ಅವಳು ಕೈ ಹಿಡಿಯುವಳು, ಇವರು ಕೆಮ್ಮುವರು. ಇದನ್ನು ನೋಡಿ ಉಳಿದ ಮಹಡಿಗಳ ಹಿರಿಯರೂ ತಮ್ಮ ತಮ್ಮ ಕೆಲಸದವರ ಕೈ ಹಿಡಿದು ಕೆಮ್ಮತೊಡಗಿದರು. ಬಿಲ್ಡಿಂಗಿಗೇ ಏನೋ ಅಂಟುರೋಗ ಬಡಿದಿದೆಯೆಂದು ಸೆಕ್ರೆಟರಿ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಓಡಾಡಿದರು. ಯಾರ ಪೇಶಂಟು ಯಾರೆಂದು ಕೇಳಿ ಕೇಳಿ ಸಾಕಾಗಿ ಶಿವಪುತ್ರ ಕೇಳುವುದನ್ನೇ ಬಿಟ್ಟ.

ಒಂದು ಬೆಳಿಗ್ಗೆ ಇವರು ಮಫ್ಲರ್ ಹುಡುಕುತ್ತಿದ್ದಾಗ ಬೆಲ್ ಆಯಿತು. ಬಾಗಿಲಲ್ಲಿ ಮಹಾದೇವಿ. ಬೆವರಿಲ್ಲ, ಏದುಸಿರಿಲ್ಲ.

"ನಾನಿನ್ನೂ ಇಳಿದೇ ಇಲ್ಲವಲ್ಲಮ್ಮ! ಹೇಗೆ ಬಂದೆ?"

"ಲಿಫ್ಟಿನ್ಯಾಗ್ರಿ. ಒಬ್ಬಾಕಿನ ಬಂದೆ. ಯಾರೂ ಏನೂ ಅನ್ನಲಿಲ್ಲ. ನೀವಿನ್ನ ಆರಾಮ ಕುಂಡ್ರಿ, ಸಾಹೇಬ್ರ."

ಅವಳು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಇವರು ಮುಖ ಸಣ್ಣದು ಮಾಡಿಕೊಂಡು ಕುರ್ಚಿಯಲ್ಲಿ ಕುಳಿತುಬಿಟ್ಟರು. ಅಯ್ಯೋ ಪಾಪ ಅನ್ನಿಸಿತು. ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ. ಕಾಫಿ ಕೊಟ್ಟೆ. ಅರ್ಧ ಕುಡಿದು ಮೆಲ್ಲಗೆ ಕೇಳಿದರು:

"ಸುಮಿತ್ರಾ, ಎದುರು ಬಿಲ್ಡಿಂಗಿನಲ್ಲೂ ಇದೇ ರೂಲಂತೆ. ಅವರಿಗೊಬ್ಬ ಪೇಶಂಟು ಬೇಕಾಗಬಹುದೇನೇ?"

ದಿಂಬಿನ ಕೆಳಗಿದ್ದ ಮಫ್ಲರ್ ತಂದು ಅವರ ಕುತ್ತಿಗೆಗೆ ನಾನೇ ಸುತ್ತಿದೆ.