ಶಾಲು ಹೊದಿಸಿ ಸಾಗಹಾಕುವ ಹೆಡ್‌ಮಾಸ್ತರರು

ಮಕ್ಕಳ ಮೈಮೇಲೆ ಕೈಹಾಕುವುದು ಅಪರಾಧ, ಹಾಕಿದವನನ್ನು ಹಿಡಿಯುವುದು ಪೊಲೀಸರ ಕೆಲಸ. ಇದು ನಿಲಂಗಾದ ನಮ್ಮ ಹೆಡ್‌ಮಾಸ್ತರ ಕಲ್ಯಾಣಪ್ಪನವರಿಗೂ ಗೊತ್ತು. ಸಾಲಿಯ ಫುಟ್‌ಬಾಲ್ ಕಳುವಾದರೆ ಟೋಪಿ ಹಾಕಿಕೊಳ್ಳುವುದನ್ನೂ ಮರೆತು ಠಾಣೆಗೆ ಓಡುವ ಮನುಷ್ಯ ಅವರು. ಗೆದ್ದ ಶೀಲ್ಡನ್ನು ದಿನಾ ಧೋತರದ ಚುಂಗಿನಿಂದ ಒರೆಸುತ್ತಾರೆ. ಅದರ ಮೇಲೆ ನೊಣ ಕೂತರೂ ಸಾಲಿಯ ಇಜ್ಜತ್ತು ಹೋಯಿತೆನ್ನುತ್ತಾರೆ. ಆದರೆ ರಂಭಾಬಾಯಿ ಬಂದು, “ಗುರುಜಿ, ಹುತುತು ಕಬಡ್ಡಿ ಕಲಸೋ ಮಾಸ್ತರ ನನ್ನ ಹುಡುಗನ ಮೈಮ್ಯಾಲ ಕೈಹಾಕ್ಯಾನ್ರೀ, ಪೊಲೀಸರಿಗಿ ಹೇಳ್ರೀ” ಎಂದು ಅತ್ತಾಗ ಅವರಿಗೆ ಠಾಣೆಯ ದಾರಿಯೇ ಮರೆತುಹೋಯಿತು. “ಹಗೂರ ಮಾತಾಡವ್ವಾ, ಸಾಲಿ ಹೆಸರು ಕೆಡತದ. ಅವನ ಬದ್ಲಿ ಮಾಡಸ್ತೀನಿ” ಎಂದರು. ಮಾಡಿಸಿದರು ಕೂಡ: ಆ ಮಾಸ್ತರನಿಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಬ್ಯಾಂಡು ಬಾರಿಸಿ ಉದಗೀರದ ಸಾಲಿಗೆ ಕಳಿಸಿದರು. ಪಾಪ, ಭೋಳೆ ಮನುಷ್ಯ, ಅವರಿಗೇನು ತಿಳಿಯುತ್ತದೆ ಎನ್ನುತ್ತೀರಾ? ಆ ಮಾಸ್ತರ ಇಲ್ಲಿದ್ದಷ್ಟು ವರ್ಷವೂ, ಆಟದ ಗಂಟೆ ಬಾರಿಸುವ ಮೊದಲೇ ಈ ಹೆಡ್‌ಮಾಸ್ತರರು ತಮ್ಮ ಮಗನ ಕೈಹಿಡಿದು ಮನೆಗೆ ಕರೆದೊಯ್ಯುತ್ತಿದ್ದರು. ಈಗ ಉದಗೀರದ ಹುಡುಗರು ಅವನ ಮುಂದೆ ಸಾಲಾಗಿ ನಿಂತಿದ್ದಾರೆ. ಆ ಬೀಳ್ಕೊಡುಗೆಯಲ್ಲಿ ಚಪ್ಪಾಳೆ ತಟ್ಟಿದವರೇ, ಇವತ್ತೇ ರಂಭಾಬಾಯಿಯ ಜೊತೆ ಠಾಣೆಗೆ ಹೋಗಿ ಫಿರ್ಯಾದಿ ಕೊಡಿ.