ಕಂಬಕ್ಕೆ ಹಚ್ಚಿದ ಸುಣ್ಣ

೧೯೯೭ರಲ್ಲಿ, ಒಂಬತ್ತನೇ ಇಯತ್ತೆಯ ನಡುವೆ, ನಾನು ಸಾಲಿ ಬಿಟ್ಟೆ. ಬಿಟ್ಟ ಮರುವಾರ ಕುಷ್ಟಗಿಯ ಬ್ಯಾಂಡ್ ಮಾಸ್ತರರ ಎದುರು ಹೋಗಿ ನಿಂತೆ. ಮೊದಲು ಕಣ್ಣಿಗೆ ಬಿದ್ದದ್ದು ಅವರ ಮೇಲ್ದುಟಿ. ಟ್ರಂಪೆಟ್ಟಿನ ಹಿತ್ತಾಳೆ ಬಾಯಿ ವರ್ಷಾನುಗಟ್ಟಲೆ ಒತ್ತಿ ಒತ್ತಿ ಅಲ್ಲೊಂದು ಗುಂಡನೆಯ ಕಪ್ಪು ಗುರುತು ಬಿದ್ದಿತ್ತು. ಆ ಜಾಗದಲ್ಲಿ ಮೀಸೆ ಹುಟ್ಟುತ್ತಿರಲಿಲ್ಲ. ಎರಡೂ ಕಡೆ ದಟ್ಟ ಮೀಸೆ, ನಡುವೆ ಬಯಲು. ಓಣಿಯ ಹುಡುಗರು “ಹರಕ ಮೀಸಿ” ಅಂತ ಕೂಗಿ ಓಡುತ್ತಿದ್ದರು. ಅವರು ಸಿಟ್ಟಾಗುತ್ತಿರಲಿಲ್ಲ. “ಹರದಿಲ್ಲೋ ಮಕ್ಕಳ್ರ್ಯಾ, ದುಡದು ಸವದೈತಿ” ಅನ್ನುತ್ತಿದ್ದರು.

“ಫೇಲಾಗಿ ಬಿಟ್ಟ್ಯೋ, ಬ್ಯಾಸರಾಗಿ ಬಿಟ್ಟ್ಯೋ?” ಅಂತ ನನ್ನನ್ನು ಕೇಳಿದರು.

ಗಣಿತದ ಗುರುಗಳು ಎಲ್ಲರೆದುರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಬೆಂಚಿನಿಂದ ಇಳಿದವನು ಸೀದಾ ಬಾಗಿಲ ಕಡೆ ನಡೆದಿದ್ದೆ. ಅದನ್ನೆಲ್ಲ ಹೇಳಲಿಲ್ಲ. “ನಾನ ಬಿಟ್ಟೇನ್ರಿ. ಯಾರೂ ಬಿಡಿಸಿಲ್ಲ” ಅಂದೆ.

ಅವರು ಪಕ್ಕದಲ್ಲಿದ್ದ ದೊಡ್ಡ ಡ್ರಮ್ಮಿನ ಮಾಮಾನ ಕಡೆ ನೋಡಿ ನಕ್ಕರು. “ಸೊಕ್ಕು ಐತಿ. ಊದಾಕ ಬರತೈತಿ.”

ಎಣ್ಣೆ ಗಿರಣಿಯ ಹಿಂದಿನ ಒಂದು ಕೋಣೆಯೇ ನಮ್ಮ ಬ್ಯಾಂಡಿನ ಮನೆ. ಹನ್ನೊಂದು ಜನ ಇದ್ದೆವು. ಸುಗ್ಗಿಯಲ್ಲಿ ಜೋಳ ಕೊಯ್ಯುವವರು, ಗೌಂಡಿ ಕೆಲಸದವರು, ಒಬ್ಬ ದರ್ಜಿ, ಒಬ್ಬ ಕ್ಷೌರದವ. ಮಾಸ್ತರರು ಹರೆಯದಲ್ಲಿ ಎಂಟು ವರ್ಷ ಕಲ್ಲಿನ ಖಣಿಯಲ್ಲಿ ದುಡಿದವರು. ಗ್ರಾನೈಟ್ ಕೊರೆಯುವ ಮಷಿನ್ ಹಿಡಿದು, ಮೂಗಿಗೆ ಒಂದು ವಸ್ತ್ರ ಕಟ್ಟಿಕೊಂಡು. ಯಾರ ಮದುವೆಯಲ್ಲೋ ಟ್ರಂಪೆಟ್ ಕೇಳಿ, ಅದನ್ನು ಊದುವವನ ಹಿಂದೆ ಬಿದ್ದು ಕಲಿತು, ಖಣಿ ಬಿಟ್ಟು ಬ್ಯಾಂಡ್ ಕಟ್ಟಿದರು. ಖಣಿಯನ್ನು ಅವರು ಬಿಟ್ಟರು. ಅದರ ಧೂಳು ಅವರನ್ನು ಬಿಟ್ಟಿರಲಿಲ್ಲ. ಆ ಮಾತು ಮುಂದೆ.

ನಮ್ಮದನ್ನು ಯಾರೂ ದೊಡ್ಡ ಬ್ಯಾಂಡ್ ಅನ್ನಲಿಲ್ಲ. ಗಂಗಾವತಿಯ ಅಕ್ಕಿ ಗಿರಣಿಯವರ ಮದುವೆಗೆ ದೂರದ ಊರಿನ ಬ್ಯಾಂಡ್ ಬರುತ್ತಿತ್ತು, ಲೈಟಿನ ಗಾಡಿ, ಜನರೇಟರ್ ಸಮೇತ. ನಮ್ಮನ್ನು ಕರೆದರೆ ಎರಡನೇ ಬ್ಯಾಂಡ್ ಅಂತ. ಒಂದು ಸಲ ಮದುಮಗನ ಕಾಕಾ, ರೇಷ್ಮೆ ಪಟಗದವನು, ನಮಗೆ ಮಂಟಪದ ಹಿಂಬದಿ ತೋರಿಸಿ, “ಕುಷ್ಟಗಿಯವ್ರು ಅಡಿಗಿ ಕಡೆ ಹೋಗಿ ಊದ್ರಿ. ಸಾರಿಗೆ ಕುದಿ ಬರ್ಲಿ” ಅಂದ. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಮಾಸ್ತರರು ಕೈ ಮುಗಿದು, “ಆಗ್ಲಿ ಧಣ್ಯಾರ. ಉಣ್ಣಾಕ ನೀವೂ ಆ ಕಡೇನ ಬರಬೇಕಲ್ಲ, ಆವಾಗ ಕೇಳ್ರಿ” ಅಂದು ನಡೆದರು. ಊಟದ ಹೊತ್ತಿಗೆ ನಿಜವಾಗಿಯೂ ಜನವೆಲ್ಲ ನಮ್ಮ ಕಡೆ ಇತ್ತು. ಆ ಕಾಕಾ ಎರಡು ಸಲ ಅನ್ನ ಹಾಕಿಸಿಕೊಂಡು ನಮ್ಮೆದುರೇ ಕೂತು ಉಂಡ.

ಎಲ್ಲ ಬ್ಯಾಂಡಿನವರೂ ಸಿನಿಮಾ ಹಾಡೇ ಊದುತ್ತಿದ್ದರು, ನಾವೂ ಊದುತ್ತಿದ್ದೆವು. ಆದರೆ ಮದುಮಗಳು ತವರು ಬಿಟ್ಟು ಗಾಡಿ ಹತ್ತುವಾಗ ಊದಲಿಕ್ಕೆ ಮಾಸ್ತರರು ತಾವೇ ಒಂದು ರಾಗ ಕಟ್ಟಿದ್ದರು. ನಾಲ್ಕೇ ಸಾಲು. ನಾವು ಅದನ್ನು ‘ಹೆಣ್ಣು ಕಳಿಸೋ ರಾಗ’ ಅನ್ನುತ್ತಿದ್ದೆವು. ಅದಕ್ಕೆ ಬೇರೆ ಹೆಸರಿರಲಿಲ್ಲ. ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಹೆಣ್ಣಿನ ತಾಯಂದಿರು ಮೊದಲೇ ಬಂದು, “ಮಾಸ್ತರ್ರ, ಅದೊಂದು ಊದಬ್ಯಾಡ್ರಿ, ತಡಕೊಳ್ಳಾಕ ಆಗಂಗಿಲ್ಲ” ಅನ್ನುವರು. ಊದದಿದ್ದರೆ ಅವರೇ ಬೇಜಾರಾಗುವರು.

ಅವರ ಕೆಲಸದ ರೀತಿಯಲ್ಲಿ ಒಂದನ್ನು ಬೇರೆ ಬ್ಯಾಂಡುಗಳಲ್ಲಿ ನಾನು ನೋಡಲೇ ಇಲ್ಲ. ಸಾವಿನ ಮನೆಯ ಮುಂದೆ ಮದುವೆಯ ಬ್ಯಾಂಡ್ ಸುಮ್ಮನಾಗಬೇಕು. ಇದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಆದರೆ ಉಳಿದವರು ಯಾರಾದರೂ ಓಡಿ ಬಂದು ಕೈ ಅಡ್ಡ ಹಿಡಿದಾಗ ನಿಲ್ಲಿಸುವರು. ಮಾಸ್ತರರು ಹಾಗಲ್ಲ. ಮೆರವಣಿಗೆ ಇದ್ದ ದಿನ ಬೆಳಿಗ್ಗೆ ಲುಂಗಿ ಉಟ್ಟು ಆ ದಾರಿಯನ್ನೆಲ್ಲ ಒಬ್ಬರೇ ನಡೆದು ಬರುವರು. ಚಹಾದ ಅಂಗಡಿಯಲ್ಲಿ ಕೂತು ಕೇಳುವರು: “ಈ ಓಣ್ಯಾಗ ಯಾರರ ಹೋಗ್ಯಾರೇನ್ರಿ? ಹಾಸಿಗಿ ಹಿಡದವ್ರು ಅದಾರೇನು? ಬಾಣಂತಿ?” ಸೂತಕದ ಮನೆ ಇದ್ದರೆ ಅದಕ್ಕೂ ಮೊದಲಿನ ಲೈಟಿನ ಕಂಬಕ್ಕೆ ಎಲೆಅಡಿಕೆ ಚೀಲದ ಸುಣ್ಣ ತೆಗೆದು ಒಂದು ಬೊಟ್ಟು ಹಚ್ಚುವರು. ಮನೆ ದಾಟಿದ ಮೇಲಿನ ಕಂಬಕ್ಕೆ ಎರಡು ಬೊಟ್ಟು. ಒಂದು ಬೊಟ್ಟು ಕಂಡಲ್ಲಿ ನಿಲ್ಲಿಸು, ಎರಡು ಕಂಡಲ್ಲಿ ಶುರುಮಾಡು. ಕುಣಿಯುವವರಿಗೆ ಇದ್ಯಾವುದೂ ತಿಳಿಯುತ್ತಿರಲಿಲ್ಲ. ಬ್ಯಾಂಡಿನವರು ದಣಿವಾರಿಸಿಕೊಳ್ಳುತ್ತಿದ್ದಾರೆ ಅಂದುಕೊಳ್ಳುವರು. “ಊದೋದು ಆರು ತಿಂಗಳಿಗೆ ಬರತೈತಿ ತಮ್ಮಾ. ಬಿಡೋದು ಲಗೂನ ಬರಂಗಿಲ್ಲ” ಅನ್ನುತ್ತಿದ್ದರು.

ನಾನು ಸೇರಿ ಹನ್ನೆರಡು ವರ್ಷವಾಗಿತ್ತು. ಆಗಲೇ ಬ್ಯಾಂಡಿನಲ್ಲಿ ಅವರ ನಂತರ ನಾನೇ ಅನ್ನುವಂತಿದ್ದೆ. ಆ ವರ್ಷ ಅವರ ಕೆಮ್ಮು ನಿಲ್ಲಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ದೊಡ್ಡ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇ ಫೋಟೋ ಬೆಳಕಿಗೆ ಹಿಡಿದು, ಎದೆಯೊಳಗೆ ಕಲ್ಲಿನ ಧೂಳು ಕೂತಿದೆ, ಇದು ತೆಗೆಯಲಿಕ್ಕೆ ಬರುವುದಲ್ಲ ಅಂದರು. “ಏನ್ ಕೆಲಸ ಮಾಡ್ತೀರಿ?” ಅಂತ ಕೇಳಿದರು. ಹೇಳಿದೆವು. ಡಾಕ್ಟರು ಫೋಟೋ ಕೆಳಗಿಟ್ಟರು. ಆಮೇಲೆ, ಇನ್ನು ಊದಿದರೆ ಇರುವ ಉಸಿರೂ ಉಳಿಯುವುದಿಲ್ಲ, ಸುಮ್ಮನೆ ಕೂತರೆ ಕೆಲವು ವರ್ಷ ಕಳೆಯಬಹುದು ಅಂತ ಬಿಡಿಸಿ ಹೇಳಿದರು.

ಬಸ್ಸಿನಲ್ಲಿ ಬರುವಾಗ ಮಾಸ್ತರರು ಕಿಟಕಿಯಾಚೆ ನೋಡುತ್ತ ಅಂದರು: “ಇನ್ಮ್ಯಾಲ ನೀನ ಮುಂದ ನಿಲ್ಲು. ಓಣಿ ಕೇಳೋದು ಮಾತ್ರ ಬಿಡಬ್ಯಾಡ.”

ನಾನು ಮಾಸ್ತರನಾಗಿ ಮುಂದೆ ನಿಂತ ಮೊದಲ ಮದುವೆ ಕುಷ್ಟಗಿಯದೇ. ಮೆರವಣಿಗೆ ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆ ಓಣಿ ಕೇಳಲು ಹೋಗಬೇಕಿತ್ತು, ಹೋಗಲಿಲ್ಲ. ಕೆಂಪು ಕೋಟಿಗೆ ಇಸ್ತ್ರಿ ಮಾಡಿಸಿದೆ, ಹೊಸ ಜರಿಪಟ್ಟಿ ಹಚ್ಚಿಸಿದೆ, ಬೂಟಿಗೆ ಪಾಲಿಶ್ ಹಾಕಿಸಿದೆ. ಹೊತ್ತು ಹೋಯಿತು. ನಮ್ಮದೇ ಊರು, ಗೊತ್ತಿರದ ಓಣಿಯೇ ಅಂತ ಧೈರ್ಯ.

ಮೆರವಣಿಗೆ ನಡುವೆ ಒಂದು ಕಂಬದ ಮೇಲೆ ಸುಣ್ಣದ ಬೊಟ್ಟು ಕಂಡಿತು. ಜೀವ ಹಗುರಾಯಿತು. ಮೈಯಲ್ಲಿ ಆರಾಮಿಲ್ಲದಿದ್ದರೂ ಮಾಸ್ತರರು ಬೆಳಿಗ್ಗೆ ಬಂದು ಗುರುತು ಹಾಕಿ ಹೋಗಿದ್ದಾರೆ ಅಂದುಕೊಂಡೆ. ಕೈ ಎತ್ತಿ ಬ್ಯಾಂಡ್ ನಿಲ್ಲಿಸಿದೆ. ಸುಮ್ಮನೆ ನಡೆದೆವು. ಒಂದು ಮನೆಯ ಕಟ್ಟೆಯ ಮೇಲೆ ಕೂತಿದ್ದ ಮುದುಕ, “ಯಾಕ್ರೋ, ನಮ್ಮ ಮನಿ ಮುಂದ ಬಂದಕೂಡ್ಲೇ ದಮ್ಮು ಹೋತೇನು? ನಮ್ಮಣ್ಣನ ದಿನ ಮುಗದು ವಾರಾತು, ಊದ್ರಲೇ” ಅಂತ ಕೂಗಿದ. ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮುಂದಿನ ಕಂಬದಲ್ಲಿ ಎರಡು ಬೊಟ್ಟು ಕಂಡವು. ಅಲ್ಲೇ ನಿಂತು, ಇದ್ದುದರಲ್ಲಿ ಜೋರಾದ ಕುಣಿತದ ಹಾಡು ಎತ್ತಿದೆ. ಹತ್ತು ಜನರ ಬ್ಯಾಂಡ್ ಒಮ್ಮೆಲೇ ಸಿಡಿಯಿತು. ಹುಡುಗರು ಟವೆಲ್ ಬೀಸಿ ಕುಣಿದರು.

ಆ ಎರಡು ಬೊಟ್ಟಿನ ಕಂಬದ ಎದುರಿನ ಮನೆಯೊಳಗೆ ಹೆಣ ಇತ್ತು.

ಸುಣ್ಣ ಮೂರು ವಾರದ ಹಿಂದಿನದು. ಅದೇ ಓಣಿಯಲ್ಲಿ ನಾವೇ ಊದಿದ್ದ ಇನ್ನೊಂದು ಮದುವೆಗೆ, ಆ ಮುದುಕನ ಅಣ್ಣ ತೀರಿಕೊಂಡಿದ್ದಕ್ಕೆ ಮಾಸ್ತರರು ಹಚ್ಚಿದ್ದು; ನನಗದು ನೆನಪೇ ಆಗಿರಲಿಲ್ಲ. ಈ ಮನೆಯ ಮಗಳು ಹೆರಿಗೆಗೆ ತವರಿಗೆ ಬಂದವಳು, ಅಂದು ನಸುಕಿನಲ್ಲಿ ದವಾಖಾನೆಯಲ್ಲಿ ತೀರಿದ್ದಳು. ಕೂಸೂ ಉಳಿದಿರಲಿಲ್ಲ. ಕಟ್ಟೆ ಬಿಟ್ಟು ಇಳಿಯದ ಆ ಮುದುಕನೊಬ್ಬನನ್ನು ಬಿಟ್ಟು ಓಣಿಗೆಲ್ಲ ಒಂಬತ್ತು ಗಂಟೆಗೇ ಸುದ್ದಿ ಗೊತ್ತಿತ್ತು. ಚಹಾದ ಅಂಗಡಿಯಲ್ಲಿ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಅವಳ ಅಪ್ಪ ಹೊರಗೆ ಬಂದ. ನಾನು ಟ್ರಂಪೆಟ್ ಇಳಿಸಿದೆ. ಒಬ್ಬೊಬ್ಬರಾಗಿ ಎಲ್ಲರೂ ನಿಲ್ಲಿಸಿದರು. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಆತ ನಮ್ಮ ಕೋಟುಗಳನ್ನು ನೋಡಿ, “ಹೋದ ವರ್ಷ ಇಕಿ ಮದುವಿಗೆ ಊದಿದವ್ರು ನೀವ ಅಲ್ಲೇನ್ರಿ?” ಅಂದ. ದೊಡ್ಡ ಡ್ರಮ್ಮಿನ ಮಾಮಾ, “ಹೌದ್ರಿ, ನಾವ” ಅಂದ. ಆತ ತಲೆ ಆಡಿಸಿ ಒಳಗೆ ಹೋದ. ಮದುಮಗನ ಕಡೆಯ ಹಿರಿಯರೇ ನಾಚಿಕೊಂಡು ಹಿಂದಿನ ಸಂದಿಯಿಂದ ಮದುಮಗನನ್ನು ಕರೆದೊಯ್ದರು.

ಅಲ್ಲಿಂದ ಸೀದಾ ಮಾಸ್ತರರ ಮನೆಗೆ ಹೋದೆ. ಅವರು ಹೊರಸಿನ ಮೇಲೆ ದಿಂಬಿಗೆ ಆತು ಕೂತಿದ್ದರು. ನಡೆದದ್ದನ್ನು ಹೇಳಿದೆ. ಪೂರಾ ಕೇಳಿದರು. ಬೈಯಲಿಲ್ಲ.

“ಸುಣ್ಣ ಹಸಿ ಇತ್ತೋ, ಒಣಗಿತ್ತೋ?”

“ಒಣಗಿತ್ತೇನೋ.”

“ಮುಟ್ಟಿ ನೋಡಿದ್ಯಾ?”

“ಇಲ್ಲರಿ.”

ಅವರು ಎದ್ದು ಗೂಟದ ಮೇಲಿನ ಟ್ರಂಪೆಟ್ ತೆಗೆದುಕೊಂಡರು. ಮಾಸ್ತರರ ಹೆಂಡತಿ, ನಾನು ಕಾಕಿ ಅನ್ನುತ್ತಿದ್ದೆ, ಬಾಗಿಲಿಗೆ ಅಡ್ಡ ನಿಂತರು. “ಎಲ್ಲಿಗೆ ಹೊಂಟೀರಿ? ಡಾಕ್ಟರ್ ಏನಂದಾರ, ಮರ್ತೀರೇನು?”

“ನೆನಪೈತಿ.”

“ಇಂವ ಮಾಡಿದ್ದಕ್ಕ ನೀವ್ಯಾಕ ಸಾಯ್ತೀರಿ? ಇಂವನ ಹೋಗಿ ಊದ್ಲಿ.”

“ಇಂವ ಊದೋದು ಅವ್ರು ಒಂದ್ಸಲ ಕೇಳ್ಯಾರ” ಅಂದು ಚಪ್ಪಲಿ ಮೆಟ್ಟಿದರು.

ಕಾಕಿ ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ.

ನಾಲ್ಕೂವರೆಗೆ ಮಣ್ಣಿಗೆ ಒಯ್ಯುವ ತಯಾರಿ ನಡೆದಿತ್ತು. ಮಾಸ್ತರರು ದೂರದಲ್ಲೇ ನಿಂತು, ಅಪ್ಪನಿಗೆ ಕೈ ಮುಗಿದು, “ತಾವು ಹ್ಞೂಂ ಅಂದ್ರ ಮುಂದ ನಡೀತೀನ್ರಿ” ಅಂದರು. ಆತ ಟ್ರಂಪೆಟ್ ಕಡೆ ನೋಡಿ, “ಕಳಿಸಿಕೊಡ್ರಿ” ಅಂದ, ಅಷ್ಟೆ.

ಅವರು ಎತ್ತಿದ್ದು ಹೆಣ್ಣು ಕಳಿಸೋ ರಾಗ. ಹಿಂದಿನ ವರ್ಷ ಅವಳು ಗಾಡಿ ಹತ್ತುವಾಗ ಊದಿದ್ದೇ. ಆದರೆ ಅವತ್ತು ಅದು ಅರ್ಧ ನಡಿಗೆಯಲ್ಲಿ ಬಂತು. ಒಂದು ಸಾಲು ಊದುವರು, ಉಸಿರು ಮುಗಿಯುವುದು. ನಾಲ್ಕು ಹೆಜ್ಜೆ ಸುಮ್ಮನೆ ನಡೆಯುವರು. ಎದೆಯೊಳಗಿನ ಗೊರಗೊರ ಪಕ್ಕದಲ್ಲಿದ್ದ ನನಗೆ ಕೇಳುವುದು. ಮತ್ತೆ ಒಂದು ಸಾಲು. ಆ ನಾಲ್ಕು ಹೆಜ್ಜೆಯಲ್ಲಿ ಹೆಣ ಹೊತ್ತವರ ಕಾಲಸಪ್ಪಳ ಬಿಟ್ಟರೆ ಏನೂ ಇರಲಿಲ್ಲ. ಸ್ಮಶಾನದ ತನಕ ಹಾಗೇ ಹೋದರು, ಬ್ಯಾಂಡಿನವರೆಲ್ಲ ಹಿಂದೆ. ಅಲ್ಲಿ ಟ್ರಂಪೆಟ್ ನನ್ನ ಕೈಗೆ ಕೊಟ್ಟು ಕೂತರು. ವಸ್ತ್ರದಲ್ಲಿ ಬಾಯಿ ಒರೆಸಿಕೊಂಡದ್ದು ಕೆಂಪಾಗಿತ್ತು. ಮುಂದೆ ಅವರು ಊದಲಿಲ್ಲ.

ಆಮೇಲೆ ಬ್ಯಾಂಡಿನಿಂದ ನಾಲ್ಕು ಮಂದಿ ಹೋದರು. ನನ್ನ ಮೇಲೆ ನಂಬಿಕೆ ಇಲ್ಲ ಅಂತ ಇಬ್ಬರು, ಡೀಜೆ ಬಂದು ಕೆಲಸ ಕಡಿಮೆಯಾಯಿತು ಅಂತ ಇಬ್ಬರು. ಗಂಗಾವತಿ, ಕೊಪ್ಪಳ, ಕನಕಗಿರಿಯ ಬ್ಯಾಂಡುಗಳಿಗೆ ಸೇರಿಕೊಂಡರು. ಹೋಗುವಾಗ ಆ ರಾಗವನ್ನೂ ಒಯ್ದರು, ಅವತ್ತು ಕೇಳಿದ ಹಾಗೆಯೇ.

ಮಾಸ್ತರರು ಇನ್ನೆರಡು ವರ್ಷ ಇದ್ದರು. ಬಾಗಿಲ ಬಳಿ ಹೊರಸು ಹಾಕಿಸಿಕೊಂಡು ಕೂತಿರುವರು. ನಾನು ದಿನಾ ಹೋಗುತ್ತಿದ್ದೆ, ಔಷಧ ತರುತ್ತಿದ್ದೆ, ಬೆನ್ನು ತಿಕ್ಕುತ್ತಿದ್ದೆ, ಊರ ಸುದ್ದಿ ಹೇಳುತ್ತಿದ್ದೆ. ಹೇಳಬೇಕಾದ್ದನ್ನು ಬಿಟ್ಟು ಎಲ್ಲ ಮಾತಾಡುತ್ತಿದ್ದೆ. ಒಂದು ದಿನ ಅವರ ಮನೆಯ ಮುಂದೆ ಯಾರದೋ ಹೆಣ ಹೋಯಿತು. ಮುಂದೆ ಪರವೂರಿನ ಬ್ಯಾಂಡ್. ಅವರು ಊದುತ್ತಿದ್ದದ್ದು ನಮ್ಮ ರಾಗ. ಒಂದು ಸಾಲು, ನಾಲ್ಕು ಹೆಜ್ಜೆ ಸುಮ್ಮನೆ, ಮತ್ತೊಂದು ಸಾಲು.

“ಮಾಸ್ತರ್ರ, ನಿಮ್ಮದು!” ಅಂದೆ. “ಹೋಗಿ ಹೇಳಿ ಬರ್ಲ್ಯಾ?”

“ಏನಂತ ಹೇಳ್ತೀ? ಹೆಣ ನಿಲ್ಲಿಸಿ?” ಅವರು ಕಿವಿಗೊಟ್ಟು ಕೇಳಿ ನಗಲಿಕ್ಕೆ ಹೋದರು, ಕೆಮ್ಮಾಯಿತು. “ನಾನು ದಮ್ಮು ಸಾಲದ ನಿಂತಿದ್ದೆ. ಇವ್ರು ಗಟ್ಟಿಮುಟ್ಟಾಗಿ ಅದಾರ, ಇವ್ರಿಗೇನ್ ಆಗೇತಿ?” ಕೆಮ್ಮು ನಿಂತ ಮೇಲೆ, “ಇರ್ಲಿ ಬಿಡು. ಹಂಗ ಛಲೋ ಕೇಳತೈತಿ” ಅಂದರು.

ಈಗ ಸುತ್ತಲಿನ ತಾಲೂಕುಗಳಲ್ಲಿ ಆ ರಾಗವಿಲ್ಲದೆ ಮಣ್ಣಾಗುವುದು ಕಡಿಮೆ. ಡೀಜೆಯವರೂ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದಾರೆ. ಕೇಳಿದರೆ, “ಇದು ಅಜ್ಜನ ಕಾಲದ್ದು” ಅನ್ನುತ್ತಾರೆ. ಅದು ಮದುವೆಯ ರಾಗ ಅಂದರೆ ನಂಬುವುದಿಲ್ಲ.

ಮಾಸ್ತರರು ಹೋದದ್ದು ಮಾರ್ಚಿನಲ್ಲಿ. ಎಲ್ಲ ಕಡೆಯಿಂದ ಬ್ಯಾಂಡಿನವರು ವಾದ್ಯ ಹಿಡಿದು ಬಂದಿದ್ದರು, ನಲವತ್ತು ಮಂದಿಯಾದರೂ ಇದ್ದರು. ಕಾಕಿ ಹೊರಗೆ ಬಂದು ನಮಗೆಲ್ಲ ಹೇಳಿದರು: “ಯಾರೂ ಊದಬ್ಯಾಡ್ರಿ. ಓಣ್ಯಾಗ ಪರೀಕ್ಷಾ ಬರಿಯೋ ಹುಡುಗ್ರು ಅದಾರಂತ. ನಿನ್ನೆ ಇವ್ರು ಕೂತಲ್ಲೇ ಕೇಳಿ ತಿಳಕೊಂಡು ಹೇಳ್ಯಾರ.” ನಲವತ್ತು ಜನ ಬಾಯಿ ಮುಚ್ಚಿಕೊಂಡು ಸ್ಮಶಾನದ ತನಕ ನಡೆದೆವು.

ಈಗ ನನಗೆ ಎರಡು ಕೋಣೆಯ ಸ್ವಂತ ಮನೆ ಇದೆ. ಹೆಂಡತಿ, ಇಬ್ಬರು ಮಕ್ಕಳು, ಇಬ್ಬರೂ ಸಾಲಿ ಬಿಟ್ಟಿಲ್ಲ. ಟ್ರಂಪೆಟ್ ಮೂರು, ಡ್ರಮ್ಮು ನಾಲ್ಕು. ಕೋಟು ಒಂಬತ್ತು, ಹಾಕಿಕೊಳ್ಳುವವರು ಏಳು. ಆ ಮಧ್ಯಾಹ್ನದ ನಂತರ ಸೂತಕದ ಮನೆ ಮುಂದೆ ಊದಿದ್ದು ಒಂದೂ ಇಲ್ಲ. ಎರಡು ವರ್ಷ ದಿನಾ ಅವರ ಪಕ್ಕ ಕೂತು, ತಪ್ಪಾತ್ರಿ ಮಾಸ್ತರ್ರ ಅಂತ ಬಾಯಿ ಬಿಟ್ಟು ಅಂದದ್ದೂ ಒಂದೂ ಇಲ್ಲ.