ಅತ್ತೆ ಬಿಡದ ಐದನೇ ನಂಬರ್

ನಂಬದವರು ನಂಬಬೇಡಿ. ಮಾನ್ವಿಯ ನಮ್ಮ ಮನೆಗೆ ಬಂದು ನನ್ನ ಮಗಳ ಬಾಯಿ ಒಮ್ಮೆ ಮೂಸಿ ನೋಡಿ, ಸಾಕು.

ನಮ್ಮ ಅತ್ತೆ ನೀಲವ್ವ ಈ ಬೇಸಿಗೆಯಲ್ಲಿ ತೀರಿಕೊಂಡರು. ಸತ್ತವರನ್ನು ಬೈಯುತ್ತಾಳೆ ಅಂದುಕೊಳ್ಳುವವರು ಅಂದುಕೊಳ್ಳಲಿ, ಅಷ್ಟು ಹೊಲಸು ಮುದುಕಿಯನ್ನು ನಾನು ಕಂಡಿಲ್ಲ. ಬಾಯಲ್ಲಿ ಸದಾ ತಂಬಾಕು, ಮಂಚದ ಕೆಳಗೆ ಉಗುಳುವ ಡಬ್ಬಿ. ತಂಬಾಕು ತಿರುವಿದ ಬೆರಳನ್ನು ಬಾಯಿಂದ ತೆಗೆದು, ಅದರಲ್ಲೇ ನನ್ನ ಕೂಸಿನ ವಸಡು ತಿಕ್ಕುತ್ತಿದ್ದರು.

"ಹಲ್ಲು ಗಟ್ಟಿ ಬರ್ತಾವ ಬೇ..."

ನಾನು ಕೂಸನ್ನು ಕಿತ್ತುಕೊಂಡು ಬಾಯಿ ತೊಳೆಯುತ್ತಿದ್ದೆ. ದಿನಾ ಜಗಳ.

ಅವರ ಇನ್ನೊಂದು ಹುಚ್ಚು ಮೊಬೈಲ್. ಮನೆಯವರೆಲ್ಲ ಮಲಗಿದರೂ ಜೋರಾಗಿ ವಿಡಿಯೊ ಹಾಕಿಕೊಂಡು ಕೂರುತ್ತಿದ್ದರು. ನಾನು ಈಗ ಬಟ್ಟೆ ಹೊಲಿದರೂ ಓದಿದ್ದು ಕಂಪ್ಯೂಟರ್. ವೈಫೈ ರೂಟರ್ ಮನೆಯ ಪ್ರತಿ ಸಾಧನಕ್ಕೂ ಒಂದು ವಿಳಾಸ, ಅಂದರೆ ಒಂದು ನಂಬರ್ ಕೊಡುತ್ತದೆ. ಕರೆಂಟ್ ಹೋಗಿ ಬಂದರೆ ಅದು ಬದಲಾಗಬಹುದು. ಬದಲಾಗದಂತೆ ಅತ್ತೆಯ ಫೋನಿಗೆ ಐದನೇ ನಂಬರ್ ಕಾಯಂ ಮಾಡಿ, ರಾತ್ರಿ ಊಟವಾದ ಮೇಲೆ ಆ ನಂಬರಿಗೆ ನೆಟ್ ಬಂದ್ ಆಗುವಂತೆ ಮಾಡಿಟ್ಟಿದ್ದೆ.

ನಮ್ಮ ಹಳ್ಳಿ ಜಾಲಹಳ್ಳಿಯ ಹೊಲದಲ್ಲಿ ಅವರನ್ನು ಮಣ್ಣು ಮಾಡುವಾಗ ನನ್ನ ಗಂಡ ತಂಬಾಕಿನ ಚೀಲದ ಜೊತೆ ಆ ಫೋನನ್ನೂ ಅವರ ಉಡಿಯಲ್ಲಿಟ್ಟರು. ನನಗಂತೂ ಪೀಡೆ ಕಳೆದಂತಾಯಿತು.

ಆಮೇಲೆ ಒಳಕೋಣೆಯ ತೊಟ್ಟಿಲ ಮೇಲೆ ಕ್ಯಾಮೆರಾ ಹಾಕಿಸಿದೆ. ಹೊಲಿಗೆ ಮಷಿನ್ ಸದ್ದಿನಲ್ಲಿ ಮಗು ಅತ್ತರೆ ಕೇಳುತ್ತಿರಲಿಲ್ಲ, ಅದಕ್ಕೆ. ಆದರೆ ಕರೆಂಟ್ ಹೋದಾಗಲೆಲ್ಲ ಅದರ ನಂಬರ್ ಬದಲಾಗಿ ನನ್ನ ಫೋನಿನಲ್ಲಿ ಚಿತ್ರ ಬರುತ್ತಿರಲಿಲ್ಲ. ರೇಗಿಹೋಗಿ ಒಂದು ಸಂಜೆ ಎಲ್ಲದಕ್ಕೂ ಕಾಯಂ ನಂಬರ್ ಕೊಟ್ಟೆ. ಟಿವಿಗೆ ಒಂದು, ಪ್ರಿಂಟರಿಗೆ ಒಂದು. ಅತ್ತೆಯ ಹೆಸರು, ರಾತ್ರಿಯ ಬಂದ್ ಎರಡನ್ನೂ ಅಳಿಸಿ ಐದನ್ನು ಕ್ಯಾಮೆರಾಕ್ಕೆ ಕೊಟ್ಟೆ. ಸತ್ತವರಿಗೆ ವೈಫೈ ಯಾಕೆ?

ಕತ್ತಲಾಯಿತು. ಕರೆಂಟ್ ಹೋಗಿ ಬಂತು. ನಾನು ಮತ್ತು ನನ್ನ ಗಂಡನ ಅಕ್ಕ ಶಾಂತಕ್ಕ ಮುಂದಿನ ಕೋಣೆಯಲ್ಲಿ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದೆವು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಗುವನ್ನು ನೋಡೋಣವೆಂದು ಫೋನ್ ತೆರೆದರೆ ಚಿತ್ರವಿಲ್ಲ. ಈ ವಿಳಾಸವನ್ನು ಬೇರೊಂದು ಸಾಧನ ಬಳಸುತ್ತಿದೆ ಎಂದು ಬಂತು...

ರೂಟರಿನ ಪುಟ ತೆರೆದೆ. ಐದರ ಮುಂದೆ ನಾನೇ ಅಳಿಸಿದ್ದ ಹೆಸರು... 'ಅತ್ತೆ ಫೋನ್'. ಪಕ್ಕದಲ್ಲಿ ಹಸಿರು ಚುಕ್ಕೆ. ಅಂದರೆ ಆ ಫೋನ್ ಈಗ ಮನೆಯೊಳಗೇ ಇದೆ.

"ಅಕ್ಕಾ... ಅತ್ತಿ ಫೋನು ಖರೇನ ಮಣ್ಣಾಗ ಇಟ್ಟಾರೇನ್ರಿ?"

"ಕಣ್ಣಾರೆ ನೋಡೀನಿ. ಯಾಕ?"

ಆಗ ಬಂತು ವಾಸನೆ. ತಂಬಾಕು, ಹಳಸಿದ ಎಂಜಲು, ಅದರೊಳಗೆ ಹಸಿ ಮಣ್ಣು... ಒಳಕೋಣೆಯಲ್ಲಿ ಯಾರೋ ತಗಡಿನ ಡಬ್ಬಿಗೆ ಪಿಚಕ್ಕನೆ ಉಗುಳಿದರು. ಆ ಡಬ್ಬಿಯನ್ನು ನಾನೇ ಎಂದೋ ತಿಪ್ಪೆಗೆ ಎಸೆದಿದ್ದೆ.

ಓಡಿದೆ. ಹಿಂಬಾಗಿಲಿಗೆ ಒಳಗಿನಿಂದ ಹಾಕಿದ ಚಿಲಕ ಹಾಗೇ ಇತ್ತು. ಮಗು ಎಚ್ಚರವಿತ್ತು. ಅಳುತ್ತಿರಲಿಲ್ಲ, ಏನನ್ನೋ ಚೀಪುತ್ತಿತ್ತು. ಕೆನ್ನೆಯ ಮೇಲೆ ಕಂದು ಬಣ್ಣದ ಒದ್ದೆ ಗೆರೆ, ಬೆರಳು ಒರೆಸಿದ ಹಾಗೆ. ಮುಟ್ಟಿದೆ, ಅಂಟಂಟು... ಇನ್ನೂ ಬೆಚ್ಚಗಿತ್ತು. ತಡೆಯಲಾಗದೆ ಅಲ್ಲೇ ವಾಂತಿ ಮಾಡಿಕೊಂಡೆ.

ಶಾಂತಕ್ಕ ಮಗುವನ್ನು ಎತ್ತಿ ಎದೆಗೆ ಅವುಚಿಕೊಂಡರು.

"ಏನ್ ಮಾಡಿದಿ ಹೇಳು..."

"ಅತ್ತಿ ನಂಬರ್ ಕ್ಯಾಮೆರಾಕ್ಕ ಕೊಟ್ಟೆ. ಅಷ್ಟ."

"ವರ್ಷದ ಕಾರ್ಯ ಆಗೂ ತನಕ ಆಕಿ ಜಾಗ ಯಾರಿಗೂ ಕೊಡಬಾರ್ದಂತ ಮಂಚಾನ ಖಾಲಿ ಬಿಟ್ಟೀವಿ, ನಿನಗ ಕಾಣಲಿಲ್ಲೇನು? ವಾಪಸ್ ಕೊಟ್ಟಬಿಡು ಯವ್ವಾ... ಈಗಿಂದೀಗ."

ಬೈದುಕೊಳ್ಳುತ್ತಲೇ ಕೊಟ್ಟೆ. ಕ್ಯಾಮೆರಾಕ್ಕೆ ಆರು, ಐದು ಅತ್ತೆಗೇ. ಕೂಡಲೇ ಚಿತ್ರ ಬಂತು. ಹಸಿರು ಚುಕ್ಕೆ ಆರಿತು, ವಾಸನೆಯೂ ಹೋಯಿತು.

ಗಂಡ ಮನೆಗೆ ಬಂದು ಎಲ್ಲ ಕೇಳಿದರು.

"ಹಳೇ ಹೆಸರು ರೂಟರ್‌ದಾಗ ಉಳಿದಿರ್ತದ, ಬಿಡು."

"ಕೂಸಿನ ಗಲ್ಲಕ್ಕ ತಂಬಾಕು ರೂಟರ್ ಹಚ್ಚಿತೇನ್ರಿ?" ಅಂದೆ.

ವರ್ಷದ ಕಾರ್ಯ ಇನ್ನೂ ದೂರವಿದೆ. ಅತ್ತೆಗೆ ಇಟ್ಟ ಎಡೆಯ ಹಾಗೆ ಐದನೇ ನಂಬರ್ ಅಲ್ಲೇ ಇದೆ, ನಾನು ಮುಟ್ಟಿಲ್ಲ. ಕೇಳಿದ್ದು ಕೊಟ್ಟಾಯಿತು, ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ.

ನಿನ್ನೆ ಮಗಳಿಗೆ ಮೊದಲ ಹಲ್ಲು ಕಾಣಿಸಿತು. ಖುಷಿಯಿಂದ ಬೆರಳಿಟ್ಟು ನೋಡಿದೆ. ಹಲ್ಲು ಗಟ್ಟಿಯಾಗಿಯೇ ಬಂದಿದೆ... ಪಕ್ಕದ ವಸಡಿಗೆ ತಂಬಾಕಿನ ಎಸಳೊಂದು ಅಂಟಿಕೊಂಡಿತ್ತು.